ಮುಚ್ಚದ ಅಂಗಡಿಯ ಬೀಗದ ಕೈ

ರಾತ್ರಿ ಒಂಬತ್ತರ ಹೊತ್ತಿಗೆ ಬಸವನಗುಡಿಯ ಗಾಂಧಿ ಬಜಾರಿನಲ್ಲಿ ಹೂವಿನವರು ಉಳಿದ ಸೇವಂತಿಗೆಯ ಮೇಲೆ ನೀರು ಚಿಮುಕಿಸಿ ಒದ್ದೆ ಗೋಣಿಯಲ್ಲಿ ಸುತ್ತಿಡುತ್ತಿರುವಾಗ ರೋಲಿಂಗ್ ಷಟರ್‌ಗಳು ಒಂದರ ಹಿಂದೊಂದು ಸದ್ದು ಮಾಡುತ್ತ ಕೆಳಗಿಳಿಯುತ್ತವೆ. ಮಾಲೀಕರು ಬಗ್ಗಿ ಎರಡೂ ಬದಿಯ ಕೊಂಡಿಗೆ ಬೀಗ ಹಾಕಿ, ಒಮ್ಮೆ ಜಗ್ಗಿ ನೋಡಿ, ನಾಲ್ಕು ಹೆಜ್ಜೆ ನಡೆದು, ಮತ್ತೆ ಹಿಂದಿರುಗಿ ಇನ್ನೊಮ್ಮೆ ಜಗ್ಗಿ, ಬೀಗದ ಕೈಯನ್ನು ಜೇಬಿಗಿಳಿಸಿ ಮನೆಯ ದಾರಿ ಹಿಡಿಯುತ್ತಾರೆ. ಮಲ್ಲೇಶ್ವರದ ಎಂಟನೆಯ ಅಡ್ಡರಸ್ತೆಯಲ್ಲಿಯೂ ಚಾಮರಾಜಪೇಟೆಯ ಬೀದಿಗಳಲ್ಲಿಯೂ ಆ ಹೊತ್ತಿನಲ್ಲಿ ಕಾಣುವುದು ಇದೇ ದೃಶ್ಯ.

ಆದರೆ ಇವೇ ಬಡಾವಣೆಗಳ ಪುಸ್ತಕದ ಅಂಗಡಿ, ಸಿಹಿತಿಂಡಿಯ ಅಂಗಡಿ, ಸಂಗೀತ ಸಭೆ, ಶಾಲೆ, ದೇವಸ್ಥಾನದ ಟ್ರಸ್ಟು, ಪ್ರಕಾಶನ ಸಂಸ್ಥೆಗಳಲ್ಲಿ ಬಹುಪಾಲಿಗೆ ಈಗ ಎರಡನೆಯದೊಂದು ಮಳಿಗೆಯೂ ಇದೆ. ಅದು ಜಾಲತಾಣ. ಅದಕ್ಕೆ ಷಟರ್ ಇಲ್ಲ, ರಜೆಯಿಲ್ಲ, ರಾತ್ರಿಯಿಲ್ಲ. ಗಿರಾಕಿಗೆ ಅದರ ಮುಂಬಾಗಿಲು ಸದಾ ತೆರೆದಿರಬೇಕು, ಒಳಮನೆಯ ಬಾಗಿಲು ಮಾತ್ರ ಯಜಮಾನನಿಗಲ್ಲದೆ ಬೇರೆ ಯಾರಿಗೂ ತೆರೆಯಬಾರದು. ಆ ಒಳಬಾಗಿಲಿನ ಬೀಗದ ಕೈ ಎಲ್ಲಿದೆ, ಎಷ್ಟು ಜನರ ಬಳಿ ಇದೆ ಎಂದು ಕೇಳಿದರೆ, ಅಂಗಡಿಯ ಬೀಗವನ್ನು ಎರಡೆರಡು ಬಾರಿ ಜಗ್ಗಿ ನೋಡುವ ಯಜಮಾನರಲ್ಲಿ ಹೆಚ್ಚಿನವರ ಬಳಿ ಉತ್ತರವಿರುವುದಿಲ್ಲ. ಎಸ್‌ಎಸ್‌ಎಚ್ ಕೀಲಿ ಎಂದು ಕರೆಯಲಾಗುವ ವ್ಯವಸ್ಥೆ ಈ ಪ್ರಶ್ನೆಗೆ ತಂತ್ರಜ್ಞಾನವು ಕೊಟ್ಟಿರುವ ಗಟ್ಟಿಯಾದ ಉತ್ತರ.

ಹೇಳಿ ಕಳುಹಿಸುವ ಗುಟ್ಟು

ಜಾಲತಾಣವೊಂದರ ಪುಟಗಳು, ಚಿತ್ರಗಳು, ಗಿರಾಕಿಗಳ ವಿಳಾಸಗಳು, ಲೆಕ್ಕಗಳು ಸದಾ ಚಾಲೂ ಇರುವ ಕಂಪ್ಯೂಟರೊಂದರಲ್ಲಿ ಇರುತ್ತವೆ. ಆ ಕಂಪ್ಯೂಟರಿಗೆ ಸರ್ವರ್ ಎಂದು ಹೆಸರು; ಅದರಲ್ಲಿ ಒಂದಿಷ್ಟು ಜಾಗವನ್ನು ಬಾಡಿಗೆಗೆ ಪಡೆಯುವುದೇ ವೆಬ್ ಹೋಸ್ಟಿಂಗ್. ಮಳಿಗೆಯ ಒಡೆಯ ಬಸವನಗುಡಿಯಲ್ಲಿದ್ದರೂ ಸರ್ವರ್ ಮುಂಬಯಿಯಲ್ಲಿಯೋ ಸಿಂಗಪುರದಲ್ಲಿಯೋ ಇರಬಹುದಾದ್ದರಿಂದ, ಪುಟ ಬದಲಾಯಿಸಲು, ಕಡತ ಏರಿಸಲು, ಕೆಟ್ಟದ್ದನ್ನು ಸರಿಪಡಿಸಲು ದೂರದಿಂದಲೇ ಒಳಗೆ ಪ್ರವೇಶಿಸಬೇಕಾಗುತ್ತದೆ.

ಹೀಗೆ ಪ್ರವೇಶಿಸಲು ಬಹುಕಾಲ ಬಳಕೆಯಲ್ಲಿದ್ದವು ಟೆಲ್ನೆಟ್ ಮತ್ತು ಎಫ್‌ಟಿಪಿ ಎಂಬ ಎರಡು ವಿಧಾನಗಳು: ಮೊದಲನೆಯದು ದೂರದ ಕಂಪ್ಯೂಟರಿಗೆ ಆದೇಶ ಕೊಡಲು, ಎರಡನೆಯದು ಕಡತಗಳನ್ನು ಸಾಗಿಸಲು. ಎರಡರಲ್ಲಿಯೂ ಬಳಕೆದಾರನ ಹೆಸರು ಮತ್ತು ಪಾಸ್‌ವರ್ಡ್ ಅಂಚೆ ಕಾರ್ಡಿನ ಬರಹದಂತೆ ಮುಚ್ಚುಮರೆಯಿಲ್ಲದೆ ಸಾಗುತ್ತಿದ್ದವು. ದಾರಿಯಲ್ಲಿ ನಿಂತು ನೋಡಬಲ್ಲ ಯಾರೇ ಆದರೂ ಅವನ್ನು ಓದಿಕೊಳ್ಳಬಹುದಿತ್ತು. 1995ರಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಆದದ್ದು ಇದೇ. ಅಲ್ಲಿ ಯಾರೋ ಅಡಗಿಸಿಟ್ಟಿದ್ದ ಕದ್ದಾಲಿಕೆಯ ತಂತ್ರಾಂಶವೊಂದು ಹಾದುಹೋಗುವ ಪಾಸ್‌ವರ್ಡ್‌ಗಳನ್ನು ಸದ್ದಿಲ್ಲದೆ ಗುಡ್ಡೆ ಹಾಕುತ್ತಿದ್ದುದು ಬಯಲಾದಾಗ, ಅಲ್ಲಿಯ ಸಂಶೋಧಕ ಟಾಟು ಯ್ಲೊನೆನ್, ಎರಡು ಕಂಪ್ಯೂಟರುಗಳ ನಡುವಿನ ಇಡೀ ಮಾತುಕತೆಯನ್ನು ಗೂಢಲಿಪಿಯಲ್ಲಿ ಮುಚ್ಚಿ ಸಾಗಿಸುವ ವಿಧಾನವೊಂದನ್ನು ಬರೆದು ಅದೇ ವರ್ಷದ ಜುಲೈನಲ್ಲಿ ಲೋಕಕ್ಕೆ ಬಿಟ್ಟರು. ಅದಕ್ಕೆ ಅವರಿಟ್ಟ ಹೆಸರು ಸೆಕ್ಯೂರ್ ಶೆಲ್, ಅಂದರೆ ಸುರಕ್ಷಿತ ಆದೇಶದ ಕವಚ. ಎಸ್‌ಎಸ್‌ಎಚ್ ಎಂಬುದು ಅದರ ಹ್ರಸ್ವರೂಪ. ಎಫ್‌ಟಿಪಿಗೆ 21, ಟೆಲ್ನೆಟ್‌ಗೆ 23 ಎಂಬ ಬಾಗಿಲು ಸಂಖ್ಯೆಗಳು ಮೊದಲೇ ಇದ್ದು ನಡುವಿನ 22 ಖಾಲಿಯಿದ್ದುದರಿಂದ, ಆ ಎರಡರ ಜಾಗವನ್ನೂ ತುಂಬಲು ಬಂದ ಎಸ್‌ಎಸ್‌ಎಚ್‌ಗೆ 22 ದೊರಕಿತು.

ಭಾರತದಲ್ಲಿ ವಿದೇಶ ಸಂಚಾರ ನಿಗಮವು ಸಾರ್ವಜನಿಕರಿಗೆ ಇಂಟರ್ನೆಟ್ ಸೇವೆಯನ್ನು ಆರಂಭಿಸಿದ್ದು 1995ರ ಆಗಸ್ಟ್ 15ರಂದು. ಬೀಗವೂ ಬಾಗಿಲೂ ಒಂದೇ ತಿಂಗಳ ಅಂತರದಲ್ಲಿ ಬಂದವೆನ್ನಬಹುದು, ಆದರೆ ಬಾಗಿಲು ಮನೆಮನೆಗೆ ತಲುಪಿದಷ್ಟು ಬೇಗ ಬೀಗ ತಲುಪಲಿಲ್ಲ. ಇಂದು ಬಹುತೇಕ ಸರ್ವರುಗಳಲ್ಲಿರುವುದು ಓಪನ್‌ಬಿಎಸ್‌ಡಿ ಎಂಬ ಸ್ವಯಂಸೇವಕ ಯೋಜನೆಯವರು 1999ರಲ್ಲಿ ಹೊರತಂದ ಓಪನ್‌ಎಸ್‌ಎಸ್‌ಎಚ್ ಎಂಬ ಉಚಿತ ಆವೃತ್ತಿ.

ಹಾದಿ ಭದ್ರವಾದರೂ ಪಾಸ್‌ವರ್ಡ್‌ನ ದೋಷ ಪೂರ್ತಿ ಕಳೆಯಲಿಲ್ಲ. ಪಾಸ್‌ವರ್ಡ್ ಎಂಬುದು ಸ್ವಭಾವದಿಂದಲೇ ಹೇಳಲೆಂದು ಇರುವ ಗುಟ್ಟು; ಒಳಗೆ ಹೋಗಬೇಕಾದಾಗಲೆಲ್ಲ ಅದನ್ನು ಎದುರಿನವನಿಗೆ ಹೇಳಲೇಬೇಕು, ಎದುರಿನವನು ವೇಷಧಾರಿಯಾಗಿದ್ದರೆ ಗುಟ್ಟು ಅಲ್ಲಿಗೇ ಮುಗಿಯಿತು. ಅದನ್ನು ವಿನ್ಯಾಸಕಾರನಿಗೆ ವಾಟ್ಸಾಪಿನಲ್ಲಿ ಕಳಿಸಬಹುದು, ಗೋಡೆಯ ಕ್ಯಾಲೆಂಡರಿನ ಅಂಚಿನಲ್ಲಿ ಬರೆದಿಡಬಹುದು, ಊಹಿಸಲೂಬಹುದು. ಹೊಸ ಸರ್ವರೊಂದು ಇಂಟರ್ನೆಟ್ಟಿಗೆ ತೆರೆದುಕೊಂಡ ಸ್ವಲ್ಪ ಹೊತ್ತಿಗೇ ಜಗತ್ತಿನ ಮೂಲೆಮೂಲೆಗಳ ಯಂತ್ರಗಳು ಅದರ 22ನೆಯ ಬಾಗಿಲನ್ನು ತಟ್ಟುತ್ತ ಸಾಮಾನ್ಯ ಹೆಸರು, ಸಾಮಾನ್ಯ ಪಾಸ್‌ವರ್ಡ್‌ಗಳನ್ನು ಒಂದೊಂದಾಗಿ ಪ್ರಯತ್ನಿಸಲು ತೊಡಗುತ್ತವೆ. ಚಿಕ್ಕ ಸಂಸ್ಥೆಯ ತಾಣದಲ್ಲಿ ಯಾರಿಗೇನು ಆಸಕ್ತಿ ಎಂಬ ಸಮಾಧಾನಕ್ಕೆ ಇಲ್ಲಿ ಆಧಾರವಿಲ್ಲ, ಏಕೆಂದರೆ ತಟ್ಟುವ ಯಂತ್ರವು ಬಾಗಿಲಿನ ಮೇಲಿನ ಹೆಸರನ್ನು ಓದುವುದೇ ಇಲ್ಲ.

ಬೀಗ ಯಾವುದು, ಕೈ ಯಾವುದು

ಎಸ್‌ಎಸ್‌ಎಚ್ ಕೀಲಿಗಳು ಯಾವಾಗಲೂ ಜೋಡಿಯಾಗಿಯೇ ಹುಟ್ಟುತ್ತವೆ. ಒಂದನ್ನು ಸಾರ್ವಜನಿಕ ಕೀಲಿ ಎಂದೂ ಇನ್ನೊಂದನ್ನು ಖಾಸಗಿ ಕೀಲಿ ಎಂದೂ ಕರೆಯುತ್ತಾರೆ. ಇಂಗ್ಲಿಷಿನಲ್ಲಿ ಎರಡಕ್ಕೂ ಕೀ ಎಂಬ ಒಂದೇ ಪದ ಬಿದ್ದುಹೋಗಿರುವುದರಿಂದ, ಹೊಸದಾಗಿ ಕಲಿಯುವವರಿಗೆ ಯಾವುದನ್ನು ಕೊಡಬೇಕು, ಯಾವುದನ್ನು ಬಚ್ಚಿಡಬೇಕು ಎಂಬಲ್ಲಿಯೇ ಗೊಂದಲವಾಗುತ್ತದೆ. ಹಳೆಯ ಬೆಂಗಳೂರಿನ ಮಾತು ಇಲ್ಲಿ ಹೆಚ್ಚು ನೆರವಾಗುತ್ತದೆ. ಉತ್ತರ ಕರ್ನಾಟಕದಲ್ಲಿ ಕೀಲಿ ಎಂದರೆ ಬಾಗಿಲಿಗೆ ಹಾಕುವ ಸಾಧನ, ಕೀಲಿಕೈ ಎಂದರೆ ಅದನ್ನು ತೆರೆಯುವಂಥದು. ಬೆಂಗಳೂರು, ಮೈಸೂರುಗಳ ಕಡೆ ಅವೇ ಬೀಗ ಮತ್ತು ಬೀಗದ ಕೈ. ಸಾರ್ವಜನಿಕ ಕೀಲಿಯನ್ನು ಬೀಗವೆಂದೂ ಖಾಸಗಿ ಕೀಲಿಯನ್ನು ಬೀಗದ ಕೈಯೆಂದೂ ತಿಳಿದುಕೊಂಡರೆ ಅರ್ಧ ಗೊಂದಲ ಅಲ್ಲಿಗೇ ಕಳೆಯುತ್ತದೆ. ಬೀಗ ಬೀದಿಗೆ ಕಾಣುವಂತೆ ತೂಗುತ್ತದೆ, ಅದನ್ನು ಯಾರು ನೋಡಿದರೂ ನಷ್ಟವಿಲ್ಲ, ಒಂದೇ ಬಗೆಯ ಬೀಗವನ್ನು ಹತ್ತು ಬಾಗಿಲುಗಳಿಗೆ ಹಾಕಲೂಬಹುದು; ಕೈ ಮಾತ್ರ ಒಡೆಯನ ಸೊಂಟದಿಂದ ಕದಲಬಾರದು.

ಬೀಗ ಇದ್ದಲ್ಲಿ ಕೈ ಮಾಡುವವರೂ ಇರುತ್ತಾರೆ. ಪೇಟೆಯ ಪಾದಚಾರಿ ಮಾರ್ಗದಲ್ಲಿ ಅರ ಹಿಡಿದು ಕೂತವರು ಬೀಗವನ್ನು ನೋಡಿಯೇ ಕೈ ಕೆತ್ತಿಕೊಡಬಲ್ಲರು. ಗಣಿತದ ಬೀಗಕ್ಕೆ ಅದು ಸಾಧ್ಯವಾಗದಿರುವುದೇ ಈ ವ್ಯವಸ್ಥೆಯ ಪ್ರಾಣ. 61 ಮತ್ತು 53 ಎಂಬ ಎರಡು ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸಿ 3233 ಎಂದು ಹೇಳುವುದು ಶಾಲೆಯ ಮಕ್ಕಳಿಗೂ ಸುಲಭ. 3233 ಯಾವ ಎರಡು ಸಂಖ್ಯೆಗಳ ಗುಣಲಬ್ಧ ಎಂದು ಕೇಳಿದರೆ ದೊಡ್ಡವರೂ ಒಂದಿಷ್ಟು ಹೊತ್ತು ತಡವರಿಸುತ್ತಾರೆ. ಆ ಸಂಖ್ಯೆಗಳು ನೂರಾರು ಅಂಕಿಗಳಷ್ಟು ಉದ್ದವಾದರೆ, ಮುಂದಕ್ಕೆ ಹೋಗುವ ದಾರಿ ಸುಲಭವಾಗಿಯೇ ಉಳಿದು, ಹಿಂದಿರುಗುವ ದಾರಿ ಇಂದಿನ ಅತ್ಯಂತ ಶಕ್ತ ಕಂಪ್ಯೂಟರುಗಳಿಗೂ ಮುಚ್ಚಿಹೋಗುತ್ತದೆ. 1976ರಲ್ಲಿ ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್‌ಮನ್ ಇಂಥ ಏಕಮುಖ ದಾರಿಗಳ ಮೇಲೆ ಗೂಢಲಿಪಿಯನ್ನು ಕಟ್ಟಬಹುದೆಂದು ತೋರಿಸಿದರು. ಮರುವರ್ಷ ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು ಮೇಲಿನ ಗುಣಾಕಾರದ ಉಪಾಯದಿಂದ ಅದನ್ನು ಸಾಧಿಸಿದರು. ಅವರ ಹೆಸರಿನ ಮೊದಲಕ್ಷರಗಳಿಂದಲೇ ಆರ್‌ಎಸ್‌ಎ ಎಂಬ ಹೆಸರು ಬಂದಿದೆ. ಬ್ರಿಟನ್ನಿನ ಗುಪ್ತಚರ ಇಲಾಖೆಯಲ್ಲಿದ್ದ ಕ್ಲಿಫರ್ಡ್ ಕಾಕ್ಸ್ ಇದನ್ನೇ 1973ರಲ್ಲಿ ಕಂಡುಕೊಂಡಿದ್ದರೂ ಇಲಾಖೆಯ ಗೋಪ್ಯತೆಯಿಂದಾಗಿ ಆ ಸಂಗತಿ ಹೊರಬಿದ್ದದ್ದು 1997ರಲ್ಲಿ.

ಬೀಗದ ಹೋಲಿಕೆ ಒಂದು ಹಂತದವರೆಗೆ ಮಾತ್ರ ಸಲ್ಲುತ್ತದೆ. ಎಸ್‌ಎಸ್‌ಎಚ್‌ನಲ್ಲಿ ನಿಜವಾಗಿ ನಡೆಯುವುದು ಬ್ಯಾಂಕಿನ ಮಾದರಿ ಸಹಿಯ ವ್ಯವಹಾರಕ್ಕೆ ಹತ್ತಿರವಾದದ್ದು. ಖಾತೆ ತೆರೆಯುವಾಗ ಗ್ರಾಹಕ ತನ್ನ ಸಹಿಯ ಮಾದರಿಯನ್ನು ಬ್ಯಾಂಕಿಗೆ ಕೊಟ್ಟಿರುತ್ತಾನೆ; ಚೆಕ್ಕು ಬಂದಾಗ ಗುಮಾಸ್ತ ಎರಡನ್ನೂ ಹೋಲಿಸುತ್ತಾನೆ; ಸಹಿ ಮಾಡುವ ಕೈ ಮಾತ್ರ ಗ್ರಾಹಕನ ಬಳಿಯೇ ಉಳಿಯುತ್ತದೆ. ಹಾಗೆಯೇ ಸರ್ವರಿನ ಬಳಿ ಇರುವುದು ಸಾರ್ವಜನಿಕ ಕೀಲಿ ಮಾತ್ರ. ಬಳಕೆದಾರನ ಕಂಪ್ಯೂಟರ್ ಮತ್ತು ಸರ್ವರ್ ಮೊದಲು ಆ ಭೇಟಿಗೆ ಮಾತ್ರ ಸಲ್ಲುವ ಗೋಪ್ಯ ಹಾದಿಯೊಂದನ್ನು ಏರ್ಪಡಿಸಿಕೊಳ್ಳುತ್ತವೆ. ಆ ಭೇಟಿಗೆ ಹುಟ್ಟಿದ ವಿಶಿಷ್ಟ ಸಂಖ್ಯೆಯ ಮೇಲೆ ಬಳಕೆದಾರನ ಕಂಪ್ಯೂಟರು ಖಾಸಗಿ ಕೀಲಿಯಿಂದ ಸಹಿ ಹಾಕಿ ಕಳಿಸುತ್ತದೆ. ಸಾರ್ವಜನಿಕ ಕೀಲಿಯೊಡನೆ ಅದು ಹೊಂದುವುದೇ ಎಂದು ಸರ್ವರು ಪರೀಕ್ಷಿಸಿ ಬಾಗಿಲು ತೆರೆಯುತ್ತದೆ. ಸಹಿ ಭೇಟಿಯಿಂದ ಭೇಟಿಗೆ ಬೇರೆಯಾಗುವುದರಿಂದ ಇವತ್ತಿನದನ್ನು ಕದ್ದವನಿಗೆ ನಾಳೆ ಅದರಿಂದ ಪ್ರಯೋಜನವಿಲ್ಲ, ಕಾಗದದ ಸಹಿಯಂತೆ ಮಾದರಿಯನ್ನು ನೋಡಿ ನಕಲು ಮಾಡಲೂ ಬರುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾದ ಮಾತೆಂದರೆ, ಈ ಇಡೀ ವ್ಯವಹಾರದಲ್ಲಿ ಖಾಸಗಿ ಕೀಲಿ ಒಡೆಯನ ಕಂಪ್ಯೂಟರಿನಿಂದ ಹೊರಗೆ ಕಾಲಿಡುವುದೇ ಇಲ್ಲ.

ಜೋಡಿ ಹುಟ್ಟುವ ಬಗೆ

ಇಷ್ಟೆಲ್ಲ ಗಣಿತ ಹಿಂದಿದ್ದರೂ ಕೀಲಿ ಮಾಡಲು ಬೇಕಾದದ್ದು ಒಂದೇ ಆದೇಶ. ಲಿನಕ್ಸ್ ಮತ್ತು ಮ್ಯಾಕ್ ಕಂಪ್ಯೂಟರುಗಳಲ್ಲಿ ಮೊದಲಿನಿಂದಲೂ, ವಿಂಡೋಸ್ 10ರಲ್ಲಿ 2018ರ ಆವೃತ್ತಿಯಿಂದೀಚೆಗೂ, ಅದಕ್ಕೆ ಬೇಕಾದ ಸಲಕರಣೆ ಒಳಗೇ ಇರುತ್ತದೆ. ಆದೇಶದ ಕಿಟಕಿಯನ್ನು ತೆರೆದು ಎಸ್‌ಎಸ್‌ಎಚ್-ಕೀಜೆನ್ ಎಂಬ ಹೆಸರನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಟೈಪಿಸಿದರೆ ಕ್ಷಣದಲ್ಲಿ ಎರಡು ಕಡತಗಳು ಸಿದ್ಧವಾಗುತ್ತವೆ. ಹೆಸರಿನ ಕೊನೆಗೆ ಡಾಟ್ ಪಬ್ ಎಂಬ ಬಾಲವಿರುವುದು ಬೀಗ, ಬಾಲವಿಲ್ಲದ್ದು ಕೈ. ವಿಂಡೋಸ್ ಬಳಸುವವರಲ್ಲಿ ಹಲವರು ಪುಟ್ಟಿ ಎಂಬ ಹಳೆಯ ತಂತ್ರಾಂಶದ ಜೊತೆಗೆ ಬರುವ ಪುಟ್ಟಿಜೆನ್ ಅನ್ನು ಬಳಸುತ್ತಾರೆ. ಅದರ ಕಡತದ ರೂಪ ಬೇರೆಯಾದರೂ ತತ್ತ್ವ ಒಂದೇ.

ಯಾವ ಜಾತಿಯ ಕೀಲಿ ಎಂಬ ಪ್ರಶ್ನೆಗೆ ಇಂದಿನ ಉತ್ತರ ಇಡಿ25519. ಎರಡರ 255ನೆಯ ಘಾತದಿಂದ 19ನ್ನು ಕಳೆದರೆ ಬರುವ ಅವಿಭಾಜ್ಯ ಸಂಖ್ಯೆಯ ಮೇಲೆ ನಿಂತಿರುವುದರಿಂದ ಅದಕ್ಕೆ ಆ ಹೆಸರು. ಅದರ ಸಾರ್ವಜನಿಕ ಕೀಲಿ ಒಂದು ಚಿಕ್ಕ ಸಾಲಿನಲ್ಲಿ ಹಿಡಿಸುತ್ತದೆ, ಕೆಲಸವೂ ವೇಗ. 2014ರಲ್ಲಿ ಓಪನ್‌ಎಸ್‌ಎಸ್‌ಎಚ್ ಸೇರಿದ ಇದು, 2023ರ ಅಕ್ಟೋಬರಿನಿಂದ, ಬೇರೆ ಏನೂ ಹೇಳದಿದ್ದರೆ ತಾನಾಗಿ ಹುಟ್ಟುವ ಕೀಲಿಯಾಗಿದೆ. ಹೋಸ್ಟಿಂಗ್ ಸಂಸ್ಥೆ ಹಳೆಯ ವ್ಯವಸ್ಥೆಯಲ್ಲಿಯೇ ಇದ್ದು ಇದನ್ನು ಒಪ್ಪದಿದ್ದರೆ ಮಾತ್ರ ಕನಿಷ್ಠ 3072 ಬಿಟ್ ಉದ್ದದ ಆರ್‌ಎಸ್‌ಎ ಕೀಲಿಯನ್ನು ಮಾಡಿಕೊಳ್ಳಬಹುದು.

ಕೀಲಿ ಹುಟ್ಟುವಾಗ ತಂತ್ರಾಂಶವು ಪಾಸ್‌ಫ್ರೇಸ್ ಬೇಕೇ ಎಂದು ಕೇಳುತ್ತದೆ, ಬಹಳಷ್ಟು ಜನ ಅವಸರದಲ್ಲಿ ಎಂಟರ್ ಒತ್ತಿ ಮುಂದೆ ಹೋಗುತ್ತಾರೆ. ಈ ಲೇಖನದ ಓದುಗರು ಒಂದೇ ಒಂದು ಮಾತನ್ನು ನೆನಪಿಡುವುದಾದರೆ ಅದು ಅಲ್ಲಿ ನಿಲ್ಲಬೇಕೆಂಬುದು. ಪಾಸ್‌ಫ್ರೇಸ್ ಎಂದರೆ ಬೀಗದ ಕೈಯನ್ನಿಡುವ ಪೆಟ್ಟಿಗೆಯ ಬೀಗ. ಅದಿದ್ದರೆ ಲ್ಯಾಪ್‌ಟಾಪ್ ಮೆಜೆಸ್ಟಿಕ್ಕಿನ ಬಸ್ಸಿನಲ್ಲಿ ಕಳೆದುಹೋದರೂ ಸಿಕ್ಕವನಿಗೆ ಕೀಲಿಯ ಕಡತ ಅರ್ಥವಿಲ್ಲದ ಅಕ್ಷರರಾಶಿ, ಅದಿಲ್ಲದಿದ್ದರೆ ಸಿಕ್ಕ ಕ್ಷಣದಿಂದ ಅವನೇ ತಾಣದ ಯಜಮಾನ. ಪಾಸ್‌ವರ್ಡ್‌ಗೂ ಇದಕ್ಕೂ ವ್ಯತ್ಯಾಸವೆಂದರೆ ಇದು ಸರ್ವರಿಗೆ ಹೋಗುವುದಿಲ್ಲ, ಒಡೆಯನ ಕಂಪ್ಯೂಟರಿನೊಳಗೇ ಬಳಕೆಯಾಗಿ ಮುಗಿಯುತ್ತದೆ. ಒಂದಕ್ಕೊಂದು ಸಂಬಂಧವಿಲ್ಲದ ಐದಾರು ಕನ್ನಡ ಪದಗಳನ್ನು ಇಂಗ್ಲಿಷ್ ಲಿಪಿಯಲ್ಲಿ ಸಾಲಾಗಿ ಬರೆದರೆ ಒಳ್ಳೆಯ ಪಾಸ್‌ಫ್ರೇಸ್ ಆಗುತ್ತದೆ. ಎಲ್ಲರಿಗೂ ಗೊತ್ತಿರುವ ಕೀರ್ತನೆಯ ಪಲ್ಲವಿಯೋ ಸಿನಿಮಾ ಹಾಡಿನ ಮೊದಲ ಸಾಲೋ ಆಗುವುದಿಲ್ಲ, ಏಕೆಂದರೆ ಊಹಿಸುವ ಯಂತ್ರಗಳಿಗೂ ಅವು ಬಾಯಿಪಾಠ. ಪ್ರತಿ ಸಲ ಟೈಪಿಸುವ ಬೇಸರವನ್ನು ತಪ್ಪಿಸಲು ಏಜೆಂಟ್ ಎಂಬ ಸಹಾಯಕ ತಂತ್ರಾಂಶವಿದೆ. ಬೆಳಿಗ್ಗೆ ಒಮ್ಮೆ ಪಾಸ್‌ಫ್ರೇಸ್ ಕೊಟ್ಟರೆ ಸಂಜೆ ಕಂಪ್ಯೂಟರ್ ಮುಚ್ಚುವವರೆಗೆ ಅದು ಕೀಲಿಯನ್ನು ನೆನಪಿನಲ್ಲಿಟ್ಟುಕೊಂಡಿರುತ್ತದೆ.

ಇನ್ನು ಬೀಗವನ್ನು ಬಾಗಿಲಿಗೆ ಹಾಕುವ ಕೆಲಸ. ಸರ್ವರಿನಲ್ಲಿ ಆಥರೈಸ್ಡ್ ಕೀಸ್, ಅಂದರೆ ಅನುಮತಿ ಪಡೆದ ಕೀಲಿಗಳು ಎಂಬ ಹೆಸರಿನ ಸಾಧಾರಣ ಕಡತವೊಂದಿರುತ್ತದೆ. ಅದರಲ್ಲಿ ಒಂದು ಸಾಲಿಗೆ ಒಂದರಂತೆ ಸಾರ್ವಜನಿಕ ಕೀಲಿಗಳನ್ನು ಬರೆದರೆ ಮುಗಿಯಿತು. ಆದೇಶಗಳ ಅಭ್ಯಾಸವಿಲ್ಲದವರಿಗೆ ಸಿಪ್ಯಾನೆಲ್‌ನಂಥ ನಿಯಂತ್ರಣ ಫಲಕಗಳಲ್ಲಿ ಎಸ್‌ಎಸ್‌ಎಚ್ ಆಕ್ಸೆಸ್ ಎಂಬ ಪುಟವಿದ್ದು, ಅಲ್ಲಿ ಕೀಲಿಯನ್ನು ಅಂಟಿಸಿ ಆಥರೈಸ್ ಎಂಬ ಗುಂಡಿಯನ್ನೂ ಒತ್ತಬೇಕು. ಎರಡನೆಯ ಹೆಜ್ಜೆಯನ್ನು ಮರೆತರೆ ಕೀಲಿ ಇದ್ದೂ ಬಾಗಿಲು ತೆರೆಯುವುದಿಲ್ಲ. ಅದೇ ಪುಟದಲ್ಲಿ ಹೊಸ ಜೋಡಿಯನ್ನು ಹುಟ್ಟಿಸುವ ಸೌಲಭ್ಯವೂ ಇದೆಯಾದರೂ ಅದನ್ನು ಬಳಸದಿರುವುದೇ ಮೇಲು. ಅಲ್ಲಿ ಖಾಸಗಿ ಕೀಲಿ ಹುಟ್ಟುವುದು ಸರ್ವರಿನಲ್ಲಿ. ಕೈಯನ್ನು ಬಾಗಿಲಲ್ಲೇ ಕೆತ್ತಿ, ಅಲ್ಲಿಂದ ಮನೆಗೆ ತರಿಸಿಕೊಂಡಂತೆ ಆಗುತ್ತದೆ.

ಕಡತಗಳ ಹಕ್ಕುಪತ್ರವನ್ನೂ ನೋಡಬೇಕು. ಲಿನಕ್ಸ್ ಮಾದರಿಯ ವ್ಯವಸ್ಥೆಗಳಲ್ಲಿ ಪ್ರತಿ ಕಡತವನ್ನು ಯಾರು ಓದಬಹುದು, ಯಾರು ತಿದ್ದಬಹುದು ಎಂಬುದನ್ನು ಮೂರು ಅಂಕಿಗಳು ಹೇಳುತ್ತವೆ. ಖಾಸಗಿ ಕೀಲಿಗೆ ಅದು 600 ಇರಬೇಕು, ಅಂದರೆ ಒಡೆಯನಿಗೆ ಮಾತ್ರ ಓದುವ ಮತ್ತು ತಿದ್ದುವ ಹಕ್ಕು, ಉಳಿದವರಿಗೆ ಸೊನ್ನೆ. ಇತರರೂ ಓದಬಹುದಾದ ಕೀಲಿಯನ್ನು ಎಸ್‌ಎಸ್‌ಎಚ್ ಬಳಸಲು ಒಪ್ಪುವುದೇ ಇಲ್ಲ.

ಬಾಗಿಲಿಗೂ ಗುರುತು ಬೇಕು

ಒಳಗೆ ಬರುವವನ ಗುರುತನ್ನು ಬಾಗಿಲು ಕೇಳುವಂತೆ ಬಾಗಿಲಿನ ಗುರುತನ್ನು ಬರುವವನೂ ಕೇಳಬೇಕು. ಸರ್ವರಿಗೂ ತನ್ನದೇ ಕೀಲಿಜೋಡಿ ಇರುತ್ತದೆ. ಮೊದಲ ಸಲ ಸಂಪರ್ಕಿಸಿದಾಗ ತೆರೆಯ ಮೇಲೆ ಅಕ್ಷರ ಅಂಕಿಗಳ ಉದ್ದನೆಯ ಸಾಲೊಂದು ಕಾಣಿಸಿ, ಈ ಸರ್ವರನ್ನು ನಂಬಬಹುದೇ ಎಂಬ ಪ್ರಶ್ನೆ ಬರುತ್ತದೆ. ಆ ಸಾಲಿಗೆ ಬೆರಳಚ್ಚು ಎಂದು ಹೆಸರು. ಹೋಸ್ಟಿಂಗ್ ಸಂಸ್ಥೆ ತನ್ನ ಗ್ರಾಹಕರಿಗೆ ತಿಳಿಸಿರುವ ಬೆರಳಚ್ಚಿನೊಡನೆ ಅದನ್ನು ಹೋಲಿಸಿ ಒಪ್ಪಿದರೆ ಮುಂದಿನ ಭೇಟಿಗಳಲ್ಲಿ ಕಂಪ್ಯೂಟರು ತಾನೇ ಅದನ್ನು ಪರೀಕ್ಷಿಸುತ್ತದೆ, ಬದಲಾಗಿದ್ದರೆ ದೊಡ್ಡ ಅಕ್ಷರಗಳಲ್ಲಿ ಎಚ್ಚರಿಸಿ ನಿಲ್ಲಿಸುತ್ತದೆ.

2023ರ ಮಾರ್ಚ್ 24ರಂದು ಜಗತ್ತಿನಾದ್ಯಂತ ಲಕ್ಷಾಂತರ ತಂತ್ರಾಂಶ ಬರೆಯುವವರು ನೆಚ್ಚಿಕೊಂಡಿರುವ ಗಿಟ್‌ಹಬ್ ತನ್ನ ಸರ್ವರಿನ ಆರ್‌ಎಸ್‌ಎ ಕೀಲಿಯನ್ನು ಬದಲಾಯಿಸಿತು, ಏಕೆಂದರೆ ಅದರ ಖಾಸಗಿ ಭಾಗ ಸ್ವಲ್ಪ ಹೊತ್ತು ಸಾರ್ವಜನಿಕರಿಗೆ ಕಾಣುವ ಕಡತವೊಂದರಲ್ಲಿ ಸೇರಿಹೋಗಿತ್ತು. ಆ ದಿನ ಅನೇಕರ ತೆರೆಯ ಮೇಲೆ ಈ ಎಚ್ಚರಿಕೆ ಕಾಣಿಸಿತು. ಎಚ್ಚರಿಕೆ ಕಂಡಾಗ ಸಂಸ್ಥೆಯ ಪ್ರಕಟಣೆಯನ್ನು ಹುಡುಕಿ ಹೊಸ ಬೆರಳಚ್ಚನ್ನು ಹೋಲಿಸಿದವರು ಸರಿಯಾಗಿ ನಡೆದುಕೊಂಡರು. ಕಿರಿಕಿರಿಯೆಂದು ಹಳೆಯ ಗುರುತನ್ನು ಅಳಿಸಿ ಕಣ್ಣುಮುಚ್ಚಿ ಒಪ್ಪಿಕೊಳ್ಳುವ ರೂಢಿ ಮಾತ್ರ ಬಾಗಿಲಿಗೆ ನಿಂತ ಕಾವಲುಗಾರನನ್ನು ಮನೆಗೆ ಕಳಿಸಿದಷ್ಟೇ ಅಪಾಯಕಾರಿ.

ಟಾಟಾ ಇನ್‌ಸ್ಟಿಟ್ಯೂಟಿನ ಬಾಗಿಲು

ಬೆಂಗಳೂರಿನ ಹಳೆಯ ಬಡಾವಣೆಗಳ ಮಟ್ಟಿಗೆ ದೂರದ ಕಂಪ್ಯೂಟರಿನೊಳಗೆ ಹೊಗುವ ಈ ವಿದ್ಯೆ ಪರದೇಶದ್ದಲ್ಲ. ಮಲ್ಲೇಶ್ವರದ ಪಕ್ಕದಲ್ಲಿ, 1909ರಲ್ಲಿ ಸ್ಥಾಪನೆಯಾದ, ಹಿರಿಯರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯು, 1986ರಲ್ಲಿ ಆರಂಭವಾದ ಅರ್ನೆಟ್ ಎಂಬ ದೇಶದ ಮೊದಲ ಶೈಕ್ಷಣಿಕ ಕಂಪ್ಯೂಟರ್ ಜಾಲದ ಎಂಟು ಸದಸ್ಯ ಸಂಸ್ಥೆಗಳಲ್ಲಿ ಒಂದು. ಅಲ್ಲಿ 2022ರಲ್ಲಿ ನೆಲೆಗೊಂಡ ಪರಮ್ ಪ್ರವೇಗ ಎಂಬ ಸೂಪರ್‌ಕಂಪ್ಯೂಟರಿನ ಸಾಮರ್ಥ್ಯ 3.3 ಪೆಟಾಫ್ಲಾಪ್, ಅಂದರೆ ಸೆಕೆಂಡಿಗೆ ಸುಮಾರು 3,300 ಲಕ್ಷ ಕೋಟಿ ಲೆಕ್ಕಗಳು. ಇಂಥ ಯಂತ್ರಗಳ ಮುಂದೆ ಯಾರೂ ಕುರ್ಚಿ ಹಾಕಿಕೊಂಡು ಕೂರುವುದಿಲ್ಲ. ಸಂಶೋಧಕರು ತಮ್ಮ ಕೊಠಡಿಗಳಿಂದಲೇ ಎಸ್‌ಎಸ್‌ಎಚ್ ಮೂಲಕ ಒಳಹೋಗಿ ಲೆಕ್ಕಗಳನ್ನು ಒಪ್ಪಿಸಿ ಹೊರಬರುತ್ತಾರೆ. ಗಾಂಧಿ ಬಜಾರಿನ ಪುಸ್ತಕದಂಗಡಿಯ ತಾಣಕ್ಕೂ ಇಂಥ ಸೂಪರ್‌ಕಂಪ್ಯೂಟರಿಗೂ ಒಳಬಾಗಿಲು ಒಂದೇ ಬಗೆಯದು.

ಆ ಬಾಗಿಲು ಎಲ್ಲಿ ದುರ್ಬಲ ಎಂಬುದನ್ನು ಯೂರೋಪಿನ ಸೂಪರ್‌ಕಂಪ್ಯೂಟರ್ ಕೇಂದ್ರಗಳು 2020ರ ಮೇ ತಿಂಗಳಿನಲ್ಲಿ ದುಬಾರಿ ಬೆಲೆ ತೆತ್ತು ಕಲಿತವು. ಬ್ರಿಟನ್ನಿನ ಎಡಿನ್‌ಬರೋದಲ್ಲಿದ್ದ ಆರ್ಚರ್, ಜರ್ಮನಿಯ ಹಲವು ಕೇಂದ್ರಗಳು, ಸ್ವಿಟ್ಜರ್‌ಲೆಂಡಿನ ರಾಷ್ಟ್ರೀಯ ಕೇಂದ್ರ ಒಂದೆರಡು ವಾರಗಳ ಅಂತರದಲ್ಲಿ ಹೊರಗಿನವರಿಗೆ ಬಾಗಿಲು ಮುಚ್ಚಬೇಕಾಯಿತು. ಗೂಢಲಿಪಿಯ ಗಣಿತವನ್ನು ಅಲ್ಲಿ ಯಾರೂ ಮುರಿದಿರಲಿಲ್ಲ. ವಿಶ್ವವಿದ್ಯಾಲಯಗಳ ಬಳಕೆದಾರರಿಂದ ಕದ್ದ ಎಸ್‌ಎಸ್‌ಎಚ್ ಗುರುತುಗಳನ್ನು ಹಿಡಿದು ದಾಳಿಕೋರರು ಒಂದು ಕೇಂದ್ರದಿಂದ ಇನ್ನೊಂದಕ್ಕೆ ಹಾದುಹೋಗಿದ್ದರು. ಒಂದೇ ಕೀಲಿಗೆ ಹತ್ತು ಬಾಗಿಲು ತೆರೆಯುವಂತಿದ್ದುದೇ ಅವರಿಗೆ ಒದಗಿದ ಅನುಕೂಲ. ಕೋವಿಡ್ ಸಂಶೋಧನೆಗೆ ಯಂತ್ರಗಳು ಅತ್ಯಗತ್ಯವಾಗಿದ್ದ ಕಾಲದಲ್ಲಿಯೇ ಅವು ನಿಂತವು. ಆರ್ಚರ್ ಮರಳಿ ತೆರೆದಾಗ ಹಳೆಯ ಪಾಸ್‌ವರ್ಡ್‌ಗಳೂ ಹಳೆಯ ಕೀಲಿಗಳೂ ರದ್ದಾಗಿ, ಎಲ್ಲರೂ ಹೊಸದಾಗಿ ಮಾಡಿಕೊಳ್ಳಬೇಕಾಯಿತು. ಕೀಲಿಯನ್ನು ಮಾಡುವುದು ಒಂದು ನಿಮಿಷದ ಕೆಲಸ, ಕಾಯುವುದು ನಿತ್ಯದ ಕೆಲಸ. ಎರಡನೆಯದನ್ನು ಬಿಟ್ಟರೆ ಮೊದಲನೆಯದಕ್ಕೆ ಬೆಲೆಯಿಲ್ಲ.

ಕೈಗೊಂಚಲಿನ ಲೆಕ್ಕ

ಚಿಕ್ಕ ಸಂಸ್ಥೆಗಳಲ್ಲಿ ಸಾಮಾನ್ಯವಾಗಿ ನಡೆಯುವುದು ಹೀಗೆ: ತಾಣವನ್ನು ಕಟ್ಟಿಕೊಟ್ಟ ವಿನ್ಯಾಸಕಾರನ ಕೀಲಿ ಮೊದಲ ಸಾಲಿನಲ್ಲಿರುತ್ತದೆ, ಎರಡು ವರ್ಷ ಅದನ್ನು ನೋಡಿಕೊಂಡು ಬೇರೆ ಊರಿಗೆ ಹೋದ ಹುಡುಗನದು ಎರಡನೆಯ ಸಾಲಿನಲ್ಲಿ, ಒಂದು ದಿನದ ದುರಸ್ತಿಗೆ ಬಂದವರದು ಮೂರನೆಯದರಲ್ಲಿ. ಪಾಸ್‌ವರ್ಡ್ ಬದಲಾಯಿಸಿದ್ದರಿಂದ ಎಲ್ಲವೂ ಭದ್ರವಾಯಿತೆಂದು ಸಂಸ್ಥೆ ತಿಳಿದಿರುತ್ತದೆ. ಆದರೆ ಕೀಲಿಗೂ ಪಾಸ್‌ವರ್ಡ್‌ಗೂ ಸಂಬಂಧವಿಲ್ಲ. ಪಾಸ್‌ವರ್ಡನ್ನು ನೂರು ಸಲ ಬದಲಿಸಿದರೂ ಆ ಮೂರು ಸಾಲುಗಳು ಇರುವಷ್ಟು ಕಾಲ ಆ ಮೂವರಿಗೂ, ಅವರ ಲ್ಯಾಪ್‌ಟಾಪ್ ಕದ್ದವರಿಗೂ ಬಾಗಿಲು ತೆರೆದೇ ಇರುತ್ತದೆ. ಬಹಳ ಜನರಿಗೆ ತಿಳಿಯದಿರುವ, ತಿಳಿಯಲೇಬೇಕಾದ ಸಂಗತಿ ಇದು.

ಇದಕ್ಕೆ ಪರಿಹಾರ ತಂತ್ರಜ್ಞಾನದ್ದಲ್ಲ, ಲೆಕ್ಕದ ಪುಸ್ತಕದ್ದು. ದೇವಸ್ಥಾನದ ಭಂಡಾರದ ಕೈ ಯಾರ ವಶದಲ್ಲಿದೆ ಎಂಬುದನ್ನು ಬರೆದಿಟ್ಟು ಸಹಿ ಹಾಕಿಸಿಕೊಳ್ಳುವ ಶಿಸ್ತನ್ನು ಇಲ್ಲಿಗೂ ತರಬೇಕು. ಪ್ರತಿ ವ್ಯಕ್ತಿಗೂ, ಸಾಧ್ಯವಾದರೆ ಆ ವ್ಯಕ್ತಿಯ ಪ್ರತಿ ಕಂಪ್ಯೂಟರಿಗೂ ಬೇರೆ ಬೇರೆ ಕೀಲಿ ಇದ್ದರೆ, ಒಬ್ಬರು ಬಿಟ್ಟುಹೋದಾಗ ಅಥವಾ ಒಂದು ಯಂತ್ರ ಕಳೆದಾಗ ಒಂದೇ ಸಾಲನ್ನು ಅಳಿಸಿದರೆ ಸಾಕು, ಉಳಿದವರ ಕೆಲಸ ನಿಲ್ಲುವುದಿಲ್ಲ. ಪಾಸ್‌ವರ್ಡ್‌ಗೆ ಹೋಲಿಸಿದರೆ ಕೀಲಿಯ ದೊಡ್ಡ ಉಪಕಾರ ಇದೇ. ಸಾರ್ವಜನಿಕ ಕೀಲಿಯ ಸಾಲಿನ ಕೊನೆಯಲ್ಲಿ ಟಿಪ್ಪಣಿಗೆಂದು ಜಾಗವಿರುತ್ತದೆ. ಅಲ್ಲಿ ಒಡೆಯನ ಹೆಸರು, ಯಂತ್ರ, ವರ್ಷ ಬರೆದಿಟ್ಟರೆ ಮುಂದೆ ಯಾವ ಸಾಲು ಯಾರದೆಂದು ತಡಕಾಡಬೇಕಿಲ್ಲ.

ಎಲ್ಲರಿಗೂ ಎಲ್ಲ ಕೋಣೆಗಳ ಪ್ರವೇಶ ಬೇಕಿಲ್ಲ. ರಾತ್ರಿ ಎರಡಕ್ಕೆ ತಾನಾಗಿ ನಕಲು ಪ್ರತಿ ತೆಗೆಯುವ ಯಂತ್ರಕ್ಕೆ ಕೊಟ್ಟ ಕೀಲಿಯ ಸಾಲಿನ ಮುಂದೆ, ಇದು ಈ ಒಂದು ಆದೇಶವನ್ನು ಮಾತ್ರ ನಡೆಸಬಹುದು ಎಂದೋ, ಈ ಒಂದು ವಿಳಾಸದಿಂದ ಬಂದರೆ ಮಾತ್ರ ಒಪ್ಪಬೇಕು ಎಂದೋ ಬರೆಯಲು ಬರುತ್ತದೆ. ತೋಟದವನಿಗೆ ಗೇಟಿನ ಕೈ ಮಾತ್ರ ಕೊಟ್ಟು ಮನೆಯದನ್ನು ಕೊಡದಿರುವ ವಿವೇಕವಿದು.

ಖಾಸಗಿ ಕೀಲಿಯನ್ನು ಮೇಲ್‌ನಲ್ಲಿಯೋ ವಾಟ್ಸಾಪಿನಲ್ಲಿಯೋ ಯಾರಿಗೂ ಕಳಿಸಬಾರದು. ಹೊಸಬರಿಗೆ ಪ್ರವೇಶ ಬೇಕಾದರೆ ಅವರೇ ತಮ್ಮ ಜೋಡಿಯನ್ನು ಮಾಡಿಕೊಂಡು ಬೀಗವನ್ನಷ್ಟೇ ಕಳಿಸಲಿ; ನಿಮ್ಮ ಖಾಸಗಿ ಕೀಲಿ ಕಳಿಸಿ ಎಂದು ಯಾರಾದರೂ ಕೇಳಿದರೆ ಅವರಿಗೆ ವಿಷಯ ತಿಳಿದಿಲ್ಲ ಅಥವಾ ಉದ್ದೇಶ ಒಳ್ಳೆಯದಲ್ಲ. ತಾಣದ ಸಾರ್ವಜನಿಕ ಫೋಲ್ಡರಿನಲ್ಲಿ ಕೀಲಿಯ ಕಡತವನ್ನು ಒಂದು ಗಳಿಗೆಗೂ ಇಡಬಾರದು, ಏಕೆಂದರೆ ಅಂಥ ಹೆಸರುಗಳನ್ನು ಹುಡುಕುತ್ತಲೇ ಅಲೆಯುವ ಯಂತ್ರಗಳಿವೆ. ಲೋಹದ ಬೀಗದ ಕೈ ಕಳುವಾದರೆ ಜೇಬು ಖಾಲಿಯಾಗಿ ಗೊತ್ತಾಗುತ್ತದೆ. ಈ ಕೀಲಿ ಕಳುವಾದರೂ ಇದ್ದಲ್ಲಿಯೇ ಇರುತ್ತದೆ.

ಒಡೆಯನ ತಪ್ಪಿಲ್ಲದೆಯೂ ಕೀಲಿ ಹಾಳಾಗಬಹುದೆಂಬುದಕ್ಕೆ 2008ರ ಮೇ ತಿಂಗಳ ಪ್ರಸಂಗ ಸಾಕ್ಷಿ. ಡೆಬಿಯನ್ ಎಂಬ ಲಿನಕ್ಸ್ ಆವೃತ್ತಿಯಲ್ಲಿ 2006ರಲ್ಲಿ ಆಗಿದ್ದ ಒಂದು ಬದಲಾವಣೆಯಿಂದಾಗಿ, ಎಣಿಕೆಗೆ ಸಿಗದಷ್ಟು ವೈವಿಧ್ಯವಿರಬೇಕಾದ ಕೀಲಿಗಳು ಪ್ರತಿ ಜಾತಿ ಮತ್ತು ಉದ್ದಕ್ಕೆ ಬರೀ 32,768 ಬಗೆಗಳಿಗೆ ಇಳಿದಿದ್ದವು. ಸುಮಾರು ಇಪ್ಪತ್ತು ತಿಂಗಳು ಅದು ಯಾರ ಗಮನಕ್ಕೂ ಬರಲಿಲ್ಲ, ಬಂದಾಗ ಆ ಅವಧಿಯಲ್ಲಿ ಅದರಲ್ಲಿ ಮಾಡಿದ ಕೀಲಿಗಳನ್ನೆಲ್ಲ ಎಸೆಯಬೇಕಾಯಿತು. ಯಾವ ಕೀಲಿ ಯಾವಾಗ ಹುಟ್ಟಿತೆಂದು ಬರೆದಿಟ್ಟುಕೊಂಡಿದ್ದವರು ಅದನ್ನು ಅರ್ಧ ದಿನದಲ್ಲಿ ಮುಗಿಸಬಹುದಿತ್ತು.

ಸರ್ವರ್ ಸ್ವಂತದ್ದಾಗಿದ್ದರೆ, ಕೀಲಿ ಕೆಲಸ ಮಾಡುತ್ತಿದೆಯೆಂದು ಖಚಿತವಾದ ಮೇಲೆ ಪಾಸ್‌ವರ್ಡ್ ಮೂಲಕ ಬರುವ ದಾರಿಯನ್ನು ಪೂರ್ತಿ ಮುಚ್ಚಬಹುದು. ಮುಚ್ಚುವಾಗ ಈಗಾಗಲೇ ಒಳಗಿರುವ ಒಂದು ಕಿಟಕಿಯನ್ನು ತೆರೆದಿಟ್ಟು, ಇನ್ನೊಂದರಿಂದ ಪ್ರವೇಶಿಸಿ ನೋಡಿದ ನಂತರವೇ ಮೊದಲನೆಯದನ್ನು ಬಿಡಬೇಕು, ಇಲ್ಲವಾದರೆ ಯಜಮಾನನೇ ಹೊರಗುಳಿಯುತ್ತಾನೆ. ಒಂದು ಕೀಲಿ ಕೈಕೊಟ್ಟಾಗ ಒದಗುವಂತೆ, ಬೇರೆ ಯಂತ್ರದಲ್ಲಿ ಮಾಡಿದ ಎರಡನೆಯ ಕೀಲಿಯೊಂದು ಪಟ್ಟಿಯಲ್ಲಿರುವುದು ಒಳ್ಳೆಯದು.

ಇದು ಸಂಸ್ಥೆಗಳ ಮನೆವಾರ್ತೆಯಷ್ಟೇ ಆಗಿ ಉಳಿದಿಲ್ಲ. ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ, ಅದರ ವ್ಯಾಪ್ತಿಗೆ ಬರುವ ಕಂಪನಿಗಳೂ ಸೇವಾದಾತರೂ ಸರ್ವರಿಗೆ ಅನಧಿಕೃತ ಪ್ರವೇಶವಾದುದು ತಿಳಿದ 6 ಗಂಟೆಗಳೊಳಗೆ ವರದಿ ಮಾಡಬೇಕು, ವ್ಯವಸ್ಥೆಯ ದಾಖಲೆಗಳನ್ನು 180 ದಿನ ಕಾಪಾಡಬೇಕು. ಯಾವ ಕೀಲಿ ಯಾರದೆಂದು ತಿಳಿಯದ ಸಂಸ್ಥೆಗೆ ಆ 6 ಗಂಟೆಗಳಲ್ಲಿ ಹೇಳಲು ಏನೂ ಇರುವುದಿಲ್ಲ.

ಸಂಸ್ಥೆಯ ತಾಣವನ್ನು ನೋಡಿಕೊಳ್ಳುವವರು ಈ ಭಾನುವಾರ ಅರ್ಧ ಗಂಟೆ ಬಿಡುವು ಮಾಡಿಕೊಂಡು, ಹೋಸ್ಟಿಂಗ್ ಖಾತೆಯ ಕೀಲಿಗಳ ಪಟ್ಟಿಯನ್ನು ತೆರೆದು, ಒಂದೊಂದು ಸಾಲಿನ ಎದುರಿಗೂ ಒಬ್ಬೊಬ್ಬರ ಹೆಸರು ಬರೆಯುತ್ತ ಹೋಗಲಿ. ಹೆಸರು ಸಿಗದ ಸಾಲಿನ ಒಂದು ನಕಲನ್ನು ತೆಗೆದಿಟ್ಟುಕೊಂಡು ಆ ಸಾಲನ್ನು ಪಟ್ಟಿಯಿಂದ ಅಂದೇ ಅಳಿಸಲಿ.